ಗುರುತು ಹಾಕದೆ ಬಿಚ್ಚಿದ ಲೆನ್ಸು

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ನಾನು ಒಂಬತ್ತು ವರ್ಷ ಲೇತಿನಲ್ಲಿ ಲೋಹ ಕಡೆಯುವ ಟರ್ನರ್ ಆಗಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಡಿಪ್ಲೊಮಾ ಮಾಡಿ ಬಂದವರು ಮೈಕ್ರೋಮೀಟರ್ ಹಿಡಿದು ಮೂರು ಮೂರು ಸಲ ಅಳೆಯುತ್ತಿದ್ದ ಶಾಫ್ಟನ್ನು ನಾನು ಬೆರಳಲ್ಲಿ ಸವರಿ, ಇನ್ನೊಂದು ಕೂದಲೆಳೆ ತೆಗೀಬೇಕು ಎಂದು ಹೇಳುತ್ತಿದ್ದೆ. ಅಳೆದರೆ ಅಷ್ಟೇ ಇರುತ್ತಿತ್ತು. ನಮ್ಮ ಮಿಷಿನ್ ಶಾಪಿನಲ್ಲಿ ಎಲ್ಲರೂ ಅದನ್ನು ಒಪ್ಪಿದ್ದರು. ಎಲ್ಲರಿಗಿಂತ ಹೆಚ್ಚು ನಾನೇ ಒಪ್ಪಿದ್ದೆ.

ಹಳೇ ಕ್ಯಾಮೆರಾದ ಹುಚ್ಚು ಹತ್ತಿದ್ದೂ ಈ ಬೆರಳಿನಿಂದಲೇ. ಪೇಟೆಯ ಭಾನುವಾರದ ಬಜಾರಿಗೆ ಅಳತೆಗೆ ಒಂದು ಹಳೇ ವರ್ನಿಯರ್ ಹುಡುಕಿಕೊಂಡು ಹೋಗಿದ್ದೆ. ಗೋಣಿತಾಟಿನ ಮೇಲೆ ತುಕ್ಕು ಹಿಡಿದ ಬೀಗ, ಸೈಕಲ್ ಬೆಲ್ಲು, ಒಡೆದ ಗಡಿಯಾರಗಳ ನಡುವೆ ಜರ್ಮನಿಯದೊಂದು ಮಡಚುವ ಕ್ಯಾಮೆರಾ ಬಿದ್ದಿತ್ತು. ಚರ್ಮ ಸುಲಿದುಹೋಗಿತ್ತು. ನಾನು ಫೋಟೋಗೀಟೋ ಯೋಚನೆ ಮಾಡಿದವನಲ್ಲ. ಸುಮ್ಮನೆ ಕೈಗೆ ತೆಗೆದುಕೊಂಡು ಲೆನ್ಸಿನ ಉಂಗುರ ತಿರುಗಿಸಿದೆ. ತಿರುಗಿತು. ನನ್ನಪ್ಪ ಹುಟ್ಟುವ ಮೊದಲು ಯಾವನೋ ಉಂಗುರದೊಳಗೆ ಸುರುಳಿಯಾಗಿ ಕಡೆದಿಟ್ಟ ಥ್ರೆಡ್ಡು, ಇಷ್ಟು ಧೂಳು ತಿಂದ ಮೇಲೂ ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ತಿರುಗಿತು. ಆ ಟರ್ನರ್ ಯಾರೋ, ಅವನ ಲೇತು ಎಂಥದೋ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅರ್ಧ ಗಂಟೆ ತಿರುಗಿಸಿದೆ. ವರ್ನಿಯರ್ ಮರೆತೇಹೋಯಿತು.

ಆಮೇಲೆ ಒಂದೊಂದಾಗಿ ಸೇರಿದವು. ಎಂಬತ್ತನೇ ಇಸವಿಯ ಆಸುಪಾಸಿಗೆ ಲಗ್ಗೆರೆಯ ನಮ್ಮ ಬಾಡಿಗೆ ಮನೆಯ ಮಂಚದ ಕೆಳಗಿನ ಟ್ರಂಕಿನಲ್ಲಿ ಹನ್ನೊಂದು ಕ್ಯಾಮೆರಾ ಇದ್ದವು. ಮಡಚುವ ಕ್ಯಾಮೆರಾಗಳ ತೂತು ಬಿದ್ದ ಕರೀ ತಿದಿಗೆ ಕೊಡೆಯ ಬಟ್ಟೆ ಅಂಟಿಸಿದ್ದೆ. ಗಾಜಿನೊಳಗೆ ಬೂಷ್ಟು ಬಲೆ ಕಟ್ಟಿದ್ದರೆ ಬಿಚ್ಚಿ ಒರೆಸುತ್ತಿದ್ದೆ. ಕಳೆದ ಸ್ಕ್ರೂ ಬದಲು ಹಿತ್ತಾಳೆಯದನ್ನು ಕಡೆದು ಹಾಕುತ್ತಿದ್ದೆ. ಷಟರನ್ನು ಕಿವಿಯ ಹತ್ತಿರ ಹಿಡಿದು, ಇದು ನಿಧಾನ, ಇದು ಸರಿ ಎಂದು ಸದ್ದಿನಲ್ಲೇ ಹೇಳುವಷ್ಟು ಕಿವಿ ಪಳಗಿತ್ತು. ಯಶವಂತಪುರದ ಒಂದು ಸ್ಟುಡಿಯೋದವರು ಮದುವೆಯಲ್ಲಿ ಉಳಿದ ಫಿಲಂ ತುಂಡುಗಳನ್ನು ನನಗೆ ಕೊಡುತ್ತಿದ್ದರು. ಅವುಗಳಲ್ಲಿ ತುಮಕೂರು ರಸ್ತೆಯ ಲಾರಿಗಳು, ಲಗ್ಗೆರೆಯ ರಾಗಿ ಹೊಲದ ಬದಿಯಲ್ಲಿ ಏಳುತ್ತಿದ್ದ ಶೀಟಿನ ಮನೆಗಳು, ಶಿಫ್ಟು ಬಿಟ್ಟು ಸೈಕಲ್ ತಳ್ಳಿಕೊಂಡು ಬರುವ ಜನ, ಇಂಥವನ್ನು ತೆಗೆಯುತ್ತಿದ್ದೆ.

"ಮಂಚದ ಕೆಳಗಡೆ ಇರೋರಿಗೆ ವಾರಕ್ಕೊಂದ್ಸಲ ಮೈ ಒರ್ಸಿ ಎಣ್ಣೆ ಹಚ್ತೀರ," ಅನ್ನುತ್ತಿದ್ದಳು ನನ್ನ ಹೆಂಡತಿ. "ಮಂಚದ ಮೇಲಿರೋಳಿಗೆ ತಲೆ ನೋವು ಅಂದ್ರೂ ಕೇಳ್ಸಲ್ಲ."

ನನ್ನ ಜೊತೆ ಬಜಾರಿಗೆ ಬರುತ್ತಿದ್ದವನು ಒಬ್ಬನೇ. ನಮ್ಮ ಶಾಪಿನಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದ ಗೆಳೆಯ. ಮಾಕಳಿಯ ಹಳೇ ಒಕ್ಕಲು, ಮನೆಯ ಮುಂದೆ ಎರಡು ಹಸು ಇದ್ದವು. ಕ್ಯಾಮೆರಾ ಎಂದರೆ ಅವನಿಗೆ ಕಸ. ಚೌಕಾಸಿ ಎಂದರೆ ಪ್ರಾಣ.

"ಅಲ್ಲಾ ಗುರು, ಈ ಸತ್ತೋದ್ ಕಣ್ಣೆಲ್ಲ ಒಟ್ಟಾಕ್ಕಂಡು ಏನ್ ನೋಡೀಯ ನೀನು," ಎನ್ನುತ್ತಲೇ ಅಂಗಡಿಯವನ ಹತ್ತಿರ ಕೂತು, ನನಗಾಗಿ ಅರ್ಧ ಗಂಟೆ ಜಗಳವಾಡುತ್ತಿದ್ದ. ಹಾಗೆ ಅವನು ಜಗಳವಾಡಿ ಕೊಡಿಸಿದ್ದೇ ಆ ಸಣ್ಣ ಕ್ಯಾಮೆರಾ. ಅಂಗೈಯಲ್ಲಿ ಕೂರುವಂಥದ್ದು. ಟ್ರಂಕಿನಲ್ಲಿದ್ದ ಹನ್ನೊಂದರಲ್ಲಿ ಮಬ್ಬು ಬೆಳಕಿನಲ್ಲೂ ಫೋಟೋ ತೆಗೆಯಬಲ್ಲ ದೊಡ್ಡ ಬಾಯಿಯ ಲೆನ್ಸು ಇದ್ದದ್ದು ಅದಕ್ಕೊಂದಕ್ಕೇ. ಅದರಲ್ಲಿ ಕಿಂಡಿಯಿಂದ ನೋಡಿದರೆ ಚಿತ್ರ ಸ್ಪಷ್ಟವೋ ಮಬ್ಬೋ ಗೊತ್ತಾಗುವುದಿಲ್ಲ. ಎದುರಿನ ವಸ್ತು ಎಷ್ಟು ಅಡಿ ದೂರ ಇದೆ ಎಂದು ಕಣ್ಣಂದಾಜಲ್ಲಿ ತೀರ್ಮಾನಿಸಿ, ಉಂಗುರದ ಮೇಲಿನ ಅಂಕಿಗೆ ತಿರುಗಿಸಬೇಕು. ಅಂದಾಜು ಅಂದರೆ ನನಗೆ ಬಿಡಿ, ಅದು ನನ್ನ ಊಟ.

ಉಂಗುರ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಒಳಗಿನ ಗ್ರೀಸು ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ಒಂದು ಭಾನುವಾರ ಬಾಗಿಲ ಮೆಟ್ಟಿಲ ಮೇಲೆ ಕೂತು ಸೀಮೆಎಣ್ಣೆ ಬಿಟ್ಟು ಬಿಟ್ಟು ಬಿಚ್ಚಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಸಾಮಾನ್ಯ ಬೋಲ್ಟಿನ ಥ್ರೆಡ್ಡಿಗೆ ಶುರುವಾಗುವ ಜಾಗ ಒಂದೇ. ಈ ಲೆನ್ಸುಗಳ ಥ್ರೆಡ್ಡಿಗೆ ಹಾಗಲ್ಲ, ಆರು ಬಾಯಿ ಇರುತ್ತದೆ. ಆರರಲ್ಲಿ ಯಾವುದಕ್ಕೆ ಕೂರಿಸಿದರೂ ಅಷ್ಟೇ ನಯವಾಗಿ ಒಳಗೆ ಹೋಗುತ್ತದೆ, ಅಷ್ಟೇ ನಯವಾಗಿ ತಿರುಗುತ್ತದೆ. ಆದರೆ ಸರಿಯಾದ ಬಾಯಿ ಒಂದೇ. ಬೇರೆ ಬಾಯಿಗೆ ಕೂರಿಸಿದರೆ ಉಂಗುರದ ಮೇಲಿನ ಅಂಕಿಗೂ ಲೆನ್ಸು ನಿಜವಾಗಿ ನೋಡುವ ದೂರಕ್ಕೂ ಸಂಬಂಧವೇ ಇರುವುದಿಲ್ಲ. ಅದಕ್ಕೇ ಎರಡು ಭಾಗ ಕಳಚಿಕೊಳ್ಳುವ ಗಳಿಗೆಯಲ್ಲಿ ಸೂಜಿಯಿಂದ ಗೀರು ಎಳೆದು ಗುರುತು ಹಾಕಬೇಕು. ಹಿಂದಿನ ಲೆನ್ಸುಗಳಿಗೆಲ್ಲ ಹಾಕಿದ್ದೆ. ಅವತ್ತು ಹಾಕಲಿಲ್ಲ. ಇಂಥ ಥ್ರೆಡ್ಡನ್ನು ನಾನೇ ಲೇತಿನಲ್ಲಿ ಕಡೆದಿದ್ದೆ, ಇದಕ್ಕೂ ಸೂಜಿ ಹುಡುಕಿಕೊಂಡು ಏಳಬೇಕಾ ಅನ್ನಿಸಿತು. ಒರೆಸಿ, ಹೊಸ ಗ್ರೀಸು ಹಚ್ಚಿ, ಕೈಗೆ ಸರಿ ಎನಿಸಿದ ಬಾಯಿಗೆ ಕೂರಿಸಿದೆ. ರೇಷ್ಮೆಯ ಹಾಗೆ ತಿರುಗಿತು.

ಜೋಡಿಸಿದ ಮೇಲೆ ಕ್ಯಾಮೆರಾದ ಬೆನ್ನು ತೆರೆದು, ಫಿಲಂ ಕೂರುವ ಜಾಗಕ್ಕೆ ಎಣ್ಣೆ ಹಚ್ಚಿದ ಕಾಗದ ಅಂಟಿಸಿ, ದೂರದ ಮರವನ್ನು ಅದರ ಮೇಲೆ ನೋಡಿ ಖಾತರಿ ಮಾಡಿಕೊಳ್ಳುವುದು ವಾಡಿಕೆ. ಕಾಗದ ಕತ್ತರಿಸುತ್ತಿದ್ದಾಗ ಭಾವಮೈದ ಬಂದ. ಕತ್ತರಿ ಕೆಳಗಿಟ್ಟೆ. ಫಿಲಂ ಒಂದನ್ನು ತುಂಬಿ, ಮೊದಲ ಫೋಟೋದಲ್ಲೇ ನೋಡಿಕೊಂಡರಾಯಿತು ಎಂದು ಎತ್ತಿಟ್ಟೆ.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪ್ರೆಸ್ಸಿನ ಸದ್ದು ನಿಂತಿತು. ದಿನವಿಡೀ ಒಂದೇ ಲಯದಲ್ಲಿ ಕುಟ್ಟುವ ಸದ್ದು ಅದು, ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಎಲ್ಲರ ತಲೆಯೂ ಎದ್ದಿತು. ನನ್ನ ಗೆಳೆಯ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಕೂಗದೆ, ಏನನ್ನೋ ಹುಡುಕುವವನ ಹಾಗೆ ತಗಡು ಕೂರುವ ಡೈ ಒಳಗೆ ನೋಡುತ್ತ ನಿಂತಿದ್ದ. ಮೂರು ಬೆರಳು ಹೋಗಿದ್ದವು. ನಾನು ಮಿಷಿನ್ ಒರೆಸುವ ಬನಿಯನ್ ವೇಸ್ಟಿನ ದೊಡ್ಡ ಮುದ್ದೆ ಒತ್ತಿ ಹಿಡಿದೆ. ಕಂಪನಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು.

ಆ ಪ್ರೆಸ್ಸಿನ ಮುಂದೆ ಕಬ್ಬಿಣದ ಜಾಲರಿಯ ಗಾರ್ಡ್ ಇರಬೇಕಿತ್ತು. ಗಾರ್ಡ್ ಕೆಳಗಿಳಿದು ಕೈಯನ್ನು ಆಚೆ ಇಡದ ಹೊರತು ಪ್ರೆಸ್ ಹೊಡೆಯುವುದಿಲ್ಲ. ಆದರೆ ಅದು ಇಳಿದು ಏರುವಷ್ಟರಲ್ಲಿ ಒಂದೊಂದು ಹೊಡೆತಕ್ಕೂ ಹೊತ್ತು ಹೋಗುತ್ತದೆ. ಆರು ತಿಂಗಳ ಹಿಂದೆ ಆರ್ಡರ್ ಜೋರಾಗಿದ್ದಾಗ ಸೂಪರ್‌ವೈಸರ್ ಅದನ್ನು ತೆಗೆಸಿದ್ದರು. ನಾಲ್ಕು ಬೋಲ್ಟೂ ತುಕ್ಕು ಹಿಡಿದು ಯಾರ ಕೈಗೂ ಬಗ್ಗಿರಲಿಲ್ಲ. ಆಗ ಅವರು ನನ್ನನ್ನು ಕರೆದಿದ್ದರು. ಅರ್ಧ ಗಂಟೆಯಲ್ಲಿ ನಾಲ್ಕನ್ನೂ ಬಿಚ್ಚಿದ್ದೆ. "ಕೈ ಅಂದ್ರೆ ಇದು ಕಣ್ರೋ," ಎಂದು ಬೆನ್ನು ತಟ್ಟಿದ್ದರು. ನಾನು ಹಿಗ್ಗಿ ಲೇತಿಗೆ ವಾಪಸ್ಸು ಬಂದಿದ್ದೆ. ಗಾರ್ಡ್ ಗುಜರಿ ಶೆಡ್ಡಿನ ಹಿಂದೆ ಬಿದ್ದಿತ್ತು.

ಅದೇ ಸಂಜೆ ಆಸ್ಪತ್ರೆಗೆ ಹೋದೆ. ಗೆಳೆಯ ಒರಗಿ ಕೂತಿದ್ದ, ಕೈ ಬ್ಯಾಂಡೇಜಿನಲ್ಲಿ ತೆಂಗಿನಕಾಯಿಯ ಗಾತ್ರವಾಗಿತ್ತು. ಅವನ ಹೆಂಡತಿ ಕೆಳಗೆ ಗೋಡೆಗೆ ಆನಿಕೊಂಡು ಕೂತಿದ್ದಳು.

"ಸೂಪರ್‌ವೈಸ್ರು ಬಂದಿದ್ರು," ಎಂದ ಅವನು. "ಗಾರ್ಡ ಇವತ್ತು ಬೆಳಿಗ್ಗೆ ನಾನೇ ಬಿಚ್ಚಾಕ್ದೆ ಅಂತ ಬರ್ಕಂಡ್ ಬಂದಿದ್ರು. ಎಬ್ಬೆಟ್ಟು ಒತ್ತು ಅಂದ್ರು."

"ಒತ್ತಿದ್ಯಾ?"

"ಇಲ್ಲ. ದೇವ್ರು ಎಂಗೆ ನೋಡು, ಮೂರ್ ಬೆಳ್ಳು ತಗಂಡು ಎಬ್ಬೆಟ್ಟು ಉಳ್ಸವ್ನೆ. ಇವ್ರಿಗೆ ಬೇಕಾಯ್ತದೆ ಅಂತ."

ನನಗೆ ನಗು ಬರಲಿಲ್ಲ. ಅವನೊಬ್ಬನೇ ನಕ್ಕ.

"ಸೋಮವಾರ ಎನ್‌ಕ್ವೈರಿ ಅಂತೆ," ಎಂದಳು ಅವನ ಹೆಂಡತಿ. "ಇವ್ರೇ ಬಿಚ್ಚಿದ್ದು ಅಂತ ಆದ್ರೆ ಕೆಲ್ಸದಿಂದ ತೆಗೀತಾರಂತೆ. ಈ ಕೈಗೆ ಇನ್ಯಾರು ಕೆಲ್ಸ ಕೊಟ್ಟಾರು ಅಣ್ಣಾ?"

ನಾನು ಆಗಲೇ ಹೇಳಬಹುದಿತ್ತು, ಬಿಚ್ಚಿದವನು ನಾನು, ಅದನ್ನು ಸೋಮವಾರ ಎಲ್ಲರ ಮುಂದೆ ಹೇಳುತ್ತೇನೆ ಎಂದು. ಗೆಳೆಯನಿಗೂ ಅದು ಗೊತ್ತಿದ್ದ ವಿಷಯವೇ. ಅವನು ನನ್ನ ಮುಖ ನೋಡುತ್ತಿದ್ದ, ಕೇಳಲಿಲ್ಲ. ಅದನ್ನು ಹೇಳಿದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಗ ನನ್ನ ತಲೆಗೆ ಬಂದದ್ದು ಕ್ಯಾಮೆರಾ.

"ಆ ಬೋಲ್ಟಿನ ತೂತುಗಳಿವೆಯಲ್ಲ, ಅವುಗಳಲ್ಲಿ ಆರು ತಿಂಗಳ ಗ್ರೀಸು, ತಗಡಿನ ಪುಡಿ ಸೇರಿ ಹೂರಣದ ಹಾಗೆ ಕೂತಿದೆ. ಇವತ್ತು ಬೆಳಿಗ್ಗೆ ಬಿಚ್ಚಿದ್ದಾದ್ರೆ ತೂತು ಹೊಳೀಬೇಕು. ಅದರ ಫೋಟೋ ತೆಗೆದು ಮುಂದಿಟ್ರೆ ಮುಗೀತು, ಯಾರೂ ಬಾಯಿ ಬಿಡಬೇಕಾಗಿಲ್ಲ," ಎಂದೆ.

"ನೆಟ್ಟಗೆ ಬತ್ತದಾ ಅಣ್ಣಾ ಪಟ?" ಎಂದಳು ಅವಳು.

"ನಾನು ತೆಗೆದ್ರೆ ಬರುತ್ತೆ ಕಣಮ್ಮ."

"ಸತ್ತೋದ್ ಕಣ್ಣು ಒಂದ್ಸಲನಾದ್ರೂ ಉಪ್ಯೋಗಕ್ ಬರ್ಲಿ ಬಿಡು," ಎಂದ ಗೆಳೆಯ. ಆಮೇಲೆ ಕಣ್ಣು ಮುಚ್ಚಿಕೊಂಡ.

ಬುಧವಾರ ಮೂರು ಬಟ್ಟಲಿನ ಊಟದ ಕ್ಯಾರಿಯರಿನ ಕೆಳಗಿನ ಬಟ್ಟಲಲ್ಲಿ ಆ ಸಣ್ಣ ಕ್ಯಾಮೆರಾ ಇಟ್ಟುಕೊಂಡು ಒಳಗೆ ಹೋದೆ. ಒಳಗೆ ಹೋಗುವಾಗ ಗೇಟಿನಲ್ಲಿ ಯಾರೂ ನೋಡುವುದಿಲ್ಲ, ಹೊರಗೆ ಬರುವಾಗ ಬಟ್ಟಲು ಬಟ್ಟಲು ತೆಗೆಸಿ ನೋಡುತ್ತಾರೆ. ಪ್ರೆಸ್ಸಿಗೆ ತಾರ್ಪಾಲು ಹೊದಿಸಿದ್ದರು. ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುವ ತನಕ ಮುಟ್ಟಬಾರದು ಎಂದು ಹೇಳಿದ್ದರು.

ಊಟದ ಗಂಟೆ ಹೊಡೆಯಿತು, ಶಾಪು ಖಾಲಿಯಾಯಿತು. ಲೇತಿನ ಟೂಲ್ ಹರಿತ ಮಾಡುವ ನೆಪದಲ್ಲಿ ನಾನು ಉಳಿದುಕೊಂಡೆ. ಗ್ರೈಂಡರ್ ಚಾಲೂ ಮಾಡಿ ಬಿಟ್ಟೆ, ಅದರ ಸದ್ದಿನಲ್ಲಿ ಷಟರ್ ಸದ್ದು ಅಡಗಲಿ ಎಂದು. ತಾರ್ಪಾಲಿನ ಮುಂದಿನ ಅಂಚನ್ನು ಎತ್ತಿ ಮೇಲೆ ಸಿಕ್ಕಿಸಿದೆ. ನಾಲ್ಕು ತೂತು, ಅಂದುಕೊಂಡ ಹಾಗೆಯೇ ಕರ್ರಗೆ ತುಂಬಿಕೊಂಡಿದ್ದವು. ಎಡಗಡೆಯ ಮೇಲಿನ ತೂತಿನಲ್ಲಿ ಜೇಡ ಬಲೆ ಕಟ್ಟಿ, ಆ ಬಲೆಯಲ್ಲಿ ತಗಡಿನ ಪುಡಿ ಮಿನುಗುತ್ತಿತ್ತು. ಕೆಳಗಿನ ಪ್ಲೇಟಿನ ಮೇಲೆ ರಕ್ತ ಒಣಗಿತ್ತು, ಅದನ್ನು ನೋಡಲಿಲ್ಲ. ಹೆಜ್ಜೆ ಹಾಕಿ ಹಿಂದೆ ಸರಿದು ನಿಂತೆ. ಆರು ಅಡಿ. ಉಂಗುರ ಆರಕ್ಕೆ ತಿರುಗಿಸಿದೆ. ಬೆಳಕು ಒಳಬರುವ ಲೆನ್ಸಿನ ಬಾಯಿ ಪೂರ್ತಿ ತೆರೆದೆ. ಇದ್ದದ್ದು ಚಾವಣಿಯ ಶೀಟಿನ ನಡುವಿನ ಗಾಜಿನಿಂದ ಬೀಳುತ್ತಿದ್ದ ಬೆಳಕು ಅಷ್ಟೇ. ಉಸಿರು ಹಿಡಿದು ಒತ್ತಿದೆ. ಎಂಟು ಫೋಟೋ ತೆಗೆದೆ. ಒಂಬತ್ತನೆಯದಕ್ಕೆ ಲಿವರ್ ಎಳೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು.

ಕ್ಯಾಮೆರಾ ಅಂಗಿಯೊಳಗೆ ಹೋಯಿತು. ಗ್ರೈಂಡರಿಗೆ ಬಂದು ಟೂಲ್ ಒತ್ತಿದೆ. ಸೂಪರ್‌ವೈಸರ್ ಹತ್ತಿರ ಬಂದು ನಿಂತರು.

"ಊಟ ಇಲ್ವೇನೋ?"

"ಟೂಲ್ ಮೊಂಡಾಗಿದೆ ಸಾರ್. ಮುಗಿಸ್ಕೊಂಡು ಹೋಗ್ತೀನಿ."

ಲೆನ್ಸಿನ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ಅವರು ತಾರ್ಪಾಲಿನ ಕಡೆ ತಿರುಗಿದರು.

"ಅದನ್ನ ಯಾರು ಎತ್ತಿದ್ದು?"

"ಗಾಳಿ ಇರಬೇಕು ಸಾರ್."

"ಶಾಪೊಳಗೆ ಎಲ್ಲಿಂದ ಬಂತಯ್ಯ ಗಾಳಿ."

ನಾನು ಟೂಲನ್ನು ಇನ್ನಷ್ಟು ಒತ್ತಿದೆ. ಕಿಡಿ ಹಾರುತ್ತಿತ್ತು. ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ಟೂಲಿನ ತುದಿ ಕೆಂಪಗಾಗಿ ಸುಟ್ಟುಹೋಗುತ್ತಿತ್ತು. ಅಂಥ ತಪ್ಪು ನಾನು ಮಾಡುವವನಲ್ಲ ಎಂಬುದು ಅವರಿಗೆ ಗೊತ್ತಿತ್ತು. ತಾವೇ ಹೋಗಿ ತಾರ್ಪಾಲಿನ ಅಂಚನ್ನು ಕೆಳಗೆಳೆದು, ಮೇಲೊಂದು ಕಬ್ಬಿಣದ ತುಂಡು ಹೇರಿ ಹೊರಟುಹೋದರು.

ಪಾಯಿಖಾನೆಯಲ್ಲಿ ನಿಂತು ಫಿಲಂ ಸುತ್ತಿ ತೆಗೆದೆ. ಕ್ಯಾಮೆರಾವನ್ನು ಬನಿಯನ್ ವೇಸ್ಟಿನಲ್ಲಿ ಸುತ್ತಿ ನನ್ನ ಟೂಲ್ ಬೀರುವಿನ ತಳಕ್ಕೆ ತುರುಕಿದೆ. ಇನ್ನು ಹೊರಗೆ ಹೋಗಬೇಕಾದದ್ದು ಹೆಬ್ಬೆರಳಿನಷ್ಟು ಉದ್ದದ ಫಿಲಂ ಡಬ್ಬಿ. ಮಧ್ಯಾಹ್ನದ ಅನ್ನದಲ್ಲಿ ಅರ್ಧ ಉಳಿಸಿ, ಸಾರು ಕಲಸಿ, ಡಬ್ಬಿಯನ್ನು ಅದರ ನಡುವೆ ಹೂತೆ. ಗೇಟಿನವನು ಮಡಿವಂತ. ಕಬ್ಬಿಣದ ತುಂಡಿಗೆ, ಹಿತ್ತಾಳೆ ಬುಷ್ಷಿಗೆ ಬಟ್ಟಲು ತಡಕುವವನು, ಇನ್ನೊಬ್ಬರ ಎಂಜಲಿಗೆ ಮಾತ್ರ ಬೆರಳು ಹಾಕುತ್ತಿರಲಿಲ್ಲ. ಸಂಜೆ ನನ್ನ ಸರದಿ ಬಂದಾಗ ಮುಚ್ಚಳ ತೆಗೆದೆ. ಅವನು ಮೂಗು ಸುಕ್ಕು ಮಾಡಿ ಇಣುಕಿದ.

"ಏನಯ್ಯ, ಅರ್ಧಕ್ಕರ್ಧ ಬಿಟ್ಟಿದೀಯ. ಹೆಂಡ್ತಿ ಜೊತೆ ಜಗಳವಾ?"

"ಹಸಿವಿರ್ಲಿಲ್ಲ ಅಣ್ಣ."

ಬಟ್ಟಲನ್ನು ಕೈಯಲ್ಲಿ ತೂಗಿದ. ಮುಚ್ಚು ಎಂದು ತಲೆ ಅಲ್ಲಾಡಿಸಿದ.

ಯಶವಂತಪುರಕ್ಕೆ ಹೋಗಿ ಸ್ಟುಡಿಯೋದಲ್ಲಿ ಫಿಲಂ ಕೊಟ್ಟೆ. ನಾಳೆ ಸಂಜೆ ಬನ್ನಿ ಎಂದರು.

ಗುರುವಾರ ಬೆಳಿಗ್ಗೆ ಶಾಪಿಗೆ ಹೋದರೆ, ಇನ್‌ಸ್ಪೆಕ್ಟರ್ ಬರುವ ಮೊದಲೇ ತಾರ್ಪಾಲು ತೆಗೆದಿದ್ದರು. ಪ್ರೆಸ್ಸಿನ ಮುಂದೆ ಅದೇ ಹಳೇ ಗಾರ್ಡ್ ಕೂತಿತ್ತು, ಹಸಿ ಹಸಿರು ಬಣ್ಣ ಹೊಡೆದದ್ದು. ತೂತುಗಳನ್ನೆಲ್ಲ ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಶುಚಿ ಮಾಡಿ ಹೊಸ ಬೋಲ್ಟ್ ಕೂರಿಸಿದ್ದರು. ನಾನು ಒಳಗೊಳಗೇ ಖುಷಿಪಟ್ಟೆ. ಹಚ್ಚಿಕೊಳ್ಳಿ ಬಣ್ಣ, ಇನ್ನೊಂದು ಕೋಟು ಹಚ್ಚಿಕೊಳ್ಳಿ, ನಿನ್ನೆ ಹೇಗಿತ್ತು ಎಂಬುದು ನನ್ನ ಹತ್ತಿರ ಇದೆ. ಅವತ್ತು ಲೇತಿನ ಮುಂದೆ ಸಿಳ್ಳೆ ಹಾಕುತ್ತ ಕೆಲಸ ಮಾಡಿದ್ದು ನೆನಪಿದೆ.

ಸಂಜೆ ಸ್ಟುಡಿಯೋದವರು ಲಕೋಟೆ ಕೊಡುವಾಗ ನನ್ನ ಮುಖ ನೋಡಲಿಲ್ಲ.

"ಕೈ ಅಲ್ಲಾಡಿದೆ ಸಾರ್."

"ನನ್ನ ಕೈ ಅಲ್ಲಾಡಲ್ಲ."

ಎಂಟು ಫೋಟೋಗಳನ್ನೂ ಅವರ ಗಾಜಿನ ಮೇಜಿನ ಮೇಲೆ ಹರಡಿದೆ. ಎಂಟರಲ್ಲೂ ಪ್ರೆಸ್ಸು ನೀರಿನೊಳಗೆ ಮುಳುಗಿದ ಹಾಗೆ ಕರಗಿಹೋಗಿತ್ತು. ಎಲ್ಲಿ ಕಂಬ, ಎಲ್ಲಿ ಡೈ ಎಂದೇ ತಿಳಿಯುತ್ತಿರಲಿಲ್ಲ, ಇನ್ನು ತೂತುಗಳ ಮಾತೆಲ್ಲಿ. ಆದರೆ ಫೋಟೋದ ಕೆಳ ಅಂಚಿನಲ್ಲಿ, ಪ್ರೆಸ್ಸಿಗಿಂತ ಈಚೆ ನನಗೆ ಹತ್ತಿರವಿದ್ದ ಸಿಮೆಂಟು ನೆಲ ಕಣ್ಣಿಗೆ ಚುಚ್ಚುವಷ್ಟು ಸ್ಪಷ್ಟವಾಗಿತ್ತು. ಬಿದ್ದಿದ್ದ ಒಂದೊಂದು ಲೋಹದ ಸುರುಳಿ, ಸಿಮೆಂಟಿನ ಒಂದೊಂದು ಬಿರುಕು, ಯಾರೋ ತುಳಿದು ಆರಿಸಿದ ಬೀಡಿಯ ದಾರ ಕೂಡ ಕಾಣುತ್ತಿತ್ತು. ಇಂಥ ಗಾಜನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕೈ ಅಲ್ಲಾಡಿದ್ದರೆ ನೆಲವೂ ಅಲ್ಲಾಡಬೇಕಿತ್ತು.

ನಿಂತಲ್ಲೇ ಗೊತ್ತಾಯಿತು. ಆರು ಬಾಯಿ. ಎರಡನೆಯದೋ ಮೂರನೆಯದೋ ಬಾಯಿಗೆ ಕೂರಿಸಿದ್ದೆ.

ಸ್ಟುಡಿಯೋದವರು ಇನ್ನೊಂದು ಸಲ ತೆಗೆಯಿರಿ ಎಂದರು. ಇನ್ನೊಂದು ಸಲ ತೆಗೆಯಲು ಏನು ಉಳಿದಿತ್ತು, ಹಸಿರು ಬಣ್ಣದ ಗಾರ್ಡು. ಲಗ್ಗೆರೆಯ ತನಕ ಸೈಕಲ್ ತಳ್ಳಿಕೊಂಡು ಬಂದೆ, ಹತ್ತಲಿಲ್ಲ. ಹೆಂಡತಿ ಲಕೋಟೆ ತೆರೆದು ಒಂದೊಂದನ್ನೇ ನೋಡಿದಳು. ಪರಿಹಾಸ್ಯ ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಲಕೋಟೆಯನ್ನು ದೇವರ ಗೂಡಿನ ಪಕ್ಕ ಇಟ್ಟು, "ಈಗ ಏನ್ಮಾಡ್ತೀರಿ?" ಎಂದು ಮಾತ್ರ ಕೇಳಿದಳು.

ಶುಕ್ರವಾರ ಸೂಪರ್‌ವೈಸರ್ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನನ್ನ ಕ್ಯಾಮೆರಾ ಇತ್ತು, ಬನಿಯನ್ ವೇಸ್ಟಿನ ಎಳೆ ಇನ್ನೂ ಅಂಟಿಕೊಂಡಿತ್ತು. ಬೀರುಗಳನ್ನೆಲ್ಲ ತೆಗೆಸಿ ನೋಡಿದ್ದರು.

"ಬಾಗಿಲು ಹಾಕು. ಇದು ನಿಂದು ತಾನೆ?"

"ಹೌದು ಸಾರ್."

"ಒಳಗೆ ಫಿಲಂ ಇಲ್ಲ."

ಅವರ ಹಣೆಯ ಮೇಲೆ ಬೆವರು ಕಾಣಿಸಿತು. ಆಗ ಹೊಳೆಯಿತು, ಫೋಟೋ ಹಾಳಾಗಿದೆ ಎಂದು ಇವರಿಗೆ ಗೊತ್ತಿಲ್ಲ.

"ನೋಡಯ್ಯ," ಎಂದು ದನಿ ತಗ್ಗಿಸಿದರು. "ನಿನ್ನಂಥ ಕೈ ನನಗೆ ಬೇಕು. ಕ್ಯಾಮೆರಾ ತಂದದ್ದು ಮೇಲಿನವರಿಗೆ ಹೇಳಿಲ್ಲ. ಸೋಮವಾರ ಬೆಳಿಗ್ಗೆ ಆ ಫಿಲಂ ಇಲ್ಲಿ ತಂದಿಡು. ಇದನ್ನ ತಗೊಂಡು ಹೋಗು. ಆ ಗಾರ್ಡ್ ಬಿಚ್ಚಿದ ಕೈ ಯಾರದ್ದು ಅಂತ ನನಗೂ ನೆನಪಿದೆ, ನಿನಗೂ ನೆನಪಿದೆ. ನಾನು ಮರೀತೀನಿ, ನೀನೂ ಮರಿ."

ಕ್ಯಾಮೆರಾ ಕೈಯಳತೆಯಲ್ಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ಮೊದಲು ನೆನಪಾದದ್ದು ಗೆಳೆಯನಲ್ಲ. ಇದನ್ನು ಮನೆಗೆ ಒಯ್ದು ಬಿಚ್ಚಿ ಸರಿಯಾದ ಬಾಯಿಗೆ ಕೂರಿಸಿದರೆ ಎಂಥ ಫೋಟೋ ಬಂದೀತು ಎಂಬುದು. ಆ ನೆಲದ ಬಿರುಕುಗಳು ಕಣ್ಣ ಮುಂದೆ ಬಂದವು. ಕೈ ಮುಂದಕ್ಕೆ ಹೋಗಿ ಉಂಗುರವನ್ನು ಮುಟ್ಟಿಯೂ ಬಿಟ್ಟಿತು.

"ಸೋಮವಾರ ನೋಡೋಣ ಸಾರ್," ಎಂದು ಕೈ ಹಿಂದಕ್ಕೆ ತೆಗೆದು ಹೊರಗೆ ಬಂದೆ.

ಶನಿವಾರ ಆಸ್ಪತ್ರೆಯಲ್ಲಿ ಲಕೋಟೆಯನ್ನು ಗೆಳೆಯನ ಹಾಸಿಗೆಯ ಮೇಲಿಟ್ಟೆ. ಎಡಗೈಯಲ್ಲಿ ತೆಗೆದು ನೋಡಿದ. ಅವನ ಹೆಂಡತಿ ಎದ್ದು ಬಂದು ನೋಡಿದಳು, ಏನು ನೋಡಬೇಕೆಂದು ತಿಳಿಯದೆ ಮೂಲೆ ಮೂಲೆ ಹುಡುಕಿದಳು.

"ಇದ್ರಾಗೆ ಎಲ್ಲಯ್ತಣ್ಣ ಮಿಷಿನ್ನು?"

"ಹಾಳಾಗಿದೆ ಕಣಮ್ಮ. ನನ್ನ ತಪ್ಪು."

ಅವಳು ಫೋಟೋಗಳನ್ನು ಒಟ್ಟು ಮಾಡಿ ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಗೆಳೆಯ ಕಿಟಕಿಯ ಕಡೆ ತಿರುಗಿ ಮಲಗಿದ. ಅವನ ಬೆನ್ನಿಗೆ ಹೇಳಿದೆ, "ಸೋಮವಾರ ನಾನು ಬರ್ತೀನಿ, ಮಾತಾಡ್ತೀನಿ."

ಎನ್‌ಕ್ವೈರಿ ನಡೆಸಲು ಹೊರಗಿನಿಂದ ಒಬ್ಬ ವಯಸ್ಸಾದ ವಕೀಲರು ಬಂದಿದ್ದರು. ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿದ್ದರು. ಗೆಳೆಯ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಒಂದು ಕಡೆ, ಸೂಪರ್‌ವೈಸರ್ ಇನ್ನೊಂದು ಕಡೆ. ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ನಾನು ಬಾಗಿಲಿನಿಂದ ಒಳಗೆ ಬಂದೆ. ಸೂಪರ್‌ವೈಸರ್ ನನ್ನ ಕೈಯಲ್ಲಿದ್ದ ಲಕೋಟೆ ನೋಡಿದರು. ಅವರ ಮುಖ ಬೂದಿಯಾಯಿತು.

ವಕೀಲರು ಫೋಟೋಗಳನ್ನು ಕನ್ನಡಕದ ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ ನೋಡಿದರು.

"ಏನಪ್ಪ ಇದು? ಇದರಲ್ಲಿ ಗಾರ್ಡ್ ಇದೆಯೋ ಇಲ್ವೋ ಯಾರು ಹೇಳ್ಬೇಕು?"

ಸೂಪರ್‌ವೈಸರ್ ಕತ್ತು ಚಾಚಿ ನೋಡಿದರು. ನಗು ತಡೆಯಲು ಕರ್ಚೀಫು ತೆಗೆದರು. ಗೆಳೆಯ ತಲೆ ತಗ್ಗಿಸಿಕೊಂಡ.

"ನಾನು ಹೇಳ್ತೀನಿ ಸಾರ್," ಎಂದೆ. "ಬುಧವಾರ ಮಧ್ಯಾಹ್ನ ಆರು ಅಡಿ ದೂರದಲ್ಲಿ ನಿಂತು ಇದನ್ನ ತೆಗೆದೆ. ಗಾರ್ಡ್ ಇರಲಿಲ್ಲ. ನಾಲ್ಕು ತೂತುಗಳಲ್ಲೂ ಗ್ರೀಸು, ತಗಡಿನ ಪುಡಿ ಗಟ್ಟಿಯಾಗಿ ಕೂತಿತ್ತು. ಎಡಗಡೆ ಮೇಲಿನ ತೂತಿನಲ್ಲಿ ಜೇಡ ಬಲೆ ಕಟ್ಟಿತ್ತು. ಒಂದು ದಿನದ ಹಿಂದೆ ಬಿಚ್ಚಿದ ತೂತಿನಲ್ಲಿ ಬಲೆ ಕಟ್ಟಿ, ಅದರ ಮೇಲೆ ಪುಡಿ ಕೂರಲ್ಲ ಸಾರ್."

"ಎಲ್ಲಾ ಕಥೆ," ಎಂದರು ಸೂಪರ್‌ವೈಸರ್. "ಕ್ಯಾಮೆರಾ ಕದ್ದು ತಂದವನ ಮಾತು."

"ಹಾಗಾದ್ರೆ ಬಿಚ್ಚಿದವರು ಯಾರು?" ಎಂದು ವಕೀಲರು ನನ್ನನ್ನೇ ಕೇಳಿದರು. "ಅದೂ ನಿನಗೆ ಗೊತ್ತಾ?"

"ಗೊತ್ತು ಸಾರ್. ಆರು ತಿಂಗಳ ಹಿಂದೆ ನಾನೇ ಬಿಚ್ಚಿದೆ. ಇವರು ಕರೆದು ಬಿಚ್ಚು ಅಂದ್ರು, ಬಿಚ್ಚಿದೆ. ಬೋಲ್ಟು ತುಕ್ಕು ಹಿಡಿದಿದ್ವು. ಬಲಗಡೆ ಕೆಳಗಿನದಕ್ಕೆ ಪೈಪು ಹಾಕಿ ತಿರುಗಿಸಬೇಕಾಯ್ತು, ಅದರ ತಲೆ ಮುರೀತು. ಮುರಿದದ್ದನ್ನ ಡ್ರಿಲ್ ಹಾಕಿ ತೆಗೆದೆ. ಅದಕ್ಕೇ ಆ ಒಂದು ತೂತು ಉಳಿದ ಮೂರಕ್ಕಿಂತ ದೊಡ್ಡದು. ಈಗ ಬಣ್ಣ ಹೊಡೆದು ಕೂರಿಸಿರೋ ಗಾರ್ಡಿಗೆ ಅಲ್ಲಿ ದಪ್ಪ ಬೋಲ್ಟ್ ಹಾಕಿರ್ತಾರೆ. ಹೋಗಿ ನೋಡಿ."

ವಕೀಲರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಎಲ್ಲರೂ ಶಾಪಿಗೆ ನಡೆದೆವು. ಮೂರು ಬೋಲ್ಟು ಒಂದು ಅಳತೆ, ಬಲಗಡೆ ಕೆಳಗಿನದೊಂದು ದಪ್ಪ. ಅವರು ನಾಲ್ಕು ದಿನವಾದರೂ ಅಂಟಂಟಾಗಿದ್ದ ಹಸಿರು ಬಣ್ಣಕ್ಕೆ ಬೆರಳು ತಾಗಿಸಿ, ಕರವಸ್ತ್ರಕ್ಕೆ ಒರೆಸಿಕೊಂಡರು. "ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಡ್ತೀಯ?" ಎಂದು ಕೇಳಿದರು. ಬರೆದುಕೊಟ್ಟೆ. ಏಳನೇ ಕ್ಲಾಸಿನ ಅಕ್ಷರ, ಆದರೂ ಒಂದೂವರೆ ಪುಟ ಆಯಿತು.

ಗಾರ್ಡ್ ಗೆಳೆಯನೇ ಬಿಚ್ಚಿದ ಎಂಬ ಆರೋಪ ಬಿದ್ದುಹೋಯಿತು. ಅವನನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದರು. ಎಡಗೈಯಲ್ಲಿ ಬರೆಯುವುದನ್ನು ಅವನು ಅಲ್ಲೇ ಕಲಿತ. ನನ್ನನ್ನು ಅದೇ ವಾರ ಕರೆದು, ಅನುಮತಿ ಇಲ್ಲದೆ ಕ್ಯಾಮೆರಾ ತಂದದ್ದಕ್ಕೆ ತೆಗೆದುಹಾಕಲೋ, ನೀನೇ ಬಿಟ್ಟು ಹೋಗುತ್ತೀಯೋ ಎಂದರು. ನಾನೇ ಬರೆದುಕೊಟ್ಟೆ. ಕ್ಯಾಮೆರಾ ಕೇಳಿದೆ. ಅದು ಆಫೀಸಿನ ವಶದಲ್ಲಿದೆ ಎಂದರು. ಇನ್ನೆರಡು ಸಲ ಹೋಗಿ ಕೇಳಿದೆ. ಮತ್ತೊಮ್ಮೆ ಹೋಗುವಷ್ಟು ನನ್ನ ಮಾನ ಅಗ್ಗವಾಗಿರಲಿಲ್ಲ. ಬೇರೆ ಕಡೆ ಲೇತು ಸಿಕ್ಕಿತು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಾಕಳಿಗೆ ಹೋದೆ. ಗೆಳೆಯ ಹಟ್ಟಿಯ ಮುಂದೆ ಕೂತು ಎಡಗೈಯಲ್ಲಿ ಹಸುವಿಗೆ ಹುಲ್ಲು ಎಸೆಯುತ್ತಿದ್ದ. ಅವನ ಹೆಂಡತಿ ಕಾಫಿ ಕೊಟ್ಟಳು, ಸಕ್ಕರೆ ಸಾಕಾ ಎಂದು ಕೇಳಿದಳು, ಒಳಗೆ ಹೋದಳು.

"ಬಜಾರ್‌ಗೆ ಓಗಿದ್ದಾ?" ಎಂದ.

"ಇಲ್ಲ."

"ಅವತ್ತು ಆ ಪಟ ಯಾಕಂಗೆ ಬಂತು ಗುರು? ಸರಿಯಾಗಿ ಯೋಳು ನಂಗೆ."

ಹೇಳಿದೆ. ಹುಲ್ಲಿನ ಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆದು, ಥ್ರೆಡ್ಡಿನ ಆರು ಬಾಯಿ, ಸೂಜಿಯ ಗೀರು, ಎಣ್ಣೆ ಕಾಗದ, ಭಾವಮೈದ ಬಂದದ್ದು, ಎಲ್ಲ ಹೇಳಿದೆ. ಅವನು ಬಗ್ಗಿ ಗೀಟುಗಳನ್ನು ಗಮನವಿಟ್ಟು ನೋಡಿದ. ಕೆಲಸ ತಿಳಿದವನು, ಬೇಗ ಅರ್ಥವಾಯಿತು.

"ಅಂದ್ರೆ ಒಂದ್ ಗೀಟು ಎಳ್ದಿದ್ರೆ ಸಾಕಿತ್ತು."

"ಸಾಕಿತ್ತು."

"ಎಷ್ಟೊತ್ತು ಇಡೀತದೆ ಒಂದ್ ಗೀಟು ಎಳೆಯಕ್ಕೆ?"

"ಹೊತ್ತೇನು ಹಿಡಿಯಲ್ಲ."

ಅವನು ಬ್ಯಾಂಡೇಜು ಬಿಚ್ಚಿದ ಕೈಯನ್ನು ಮೊದಲ ಸಲ ನನ್ನ ಮುಂದೆ ಮಡಿಲಿನಿಂದ ಹೊರಗೆ ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡ. ನಾನು ಅದನ್ನು ನೋಡಿದೆ. ಅವನು ನಾನು ನೋಡುವುದನ್ನು ನೋಡಿದ. ಕಾಫಿ ಆರಿಹೋಗಿತ್ತು, ಆದರೂ ಕುಡಿದು ಮುಗಿಸಿ, ಲೋಟ ತೊಳೆದು ಕಟ್ಟೆಯ ಮೇಲೆ ಬೋರಲಿಟ್ಟು ಬಂದೆ.